ಟವಲ್ ಕೆಳಗಿನ ದರ

ಹೋದ ವಾರ ಕುದಾಪುರದ ನಮ್ಮ ಪ್ರಯೋಗಾಲಯಕ್ಕೆ ಪರೀಕ್ಷೆಗೆಂದು ಒಂದು ಚೀಲ ಶೇಂಗಾ ಹಿಂಡಿ ಬಂತು. ಬಾಯಿ ಬಿಚ್ಚಿದ್ದೇ ತಡ, ಎಣ್ಣೆ ಬಿಟ್ಟ ಕಾಳಿನ ವಾಸನೆ ಕೋಣೆಯೆಲ್ಲ ತುಂಬಿತು. ಜೊತೆಯ ಹುಡುಗಿಯರು ಮೂಗು ಮುಚ್ಚಿಕೊಂಡರು. ನಾನು ಒಂದು ತುಣುಕು ಮುರಿದು ಮೂಗಿನ ಹತ್ತಿರವೇ ಹಿಡಿದೆ. ನನಗದು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸಾವ್ಕಾರರ ವಾಸನೆ. ನನಗೆ ಮೊದಲ ನೌಕರಿ ಕೊಟ್ಟವರು ಅವರು...

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಬಿ.ಎಸ್ಸಿ ಮಾಡಿದವರ ಹಣೆಬರಹ ಮೊದಲೇ ಬರೆದಿಟ್ಟಿತ್ತು. ಹುಡುಗರಾದರೆ ಬ್ಯಾಂಕ್ ಪರೀಕ್ಷೆ, ಇಲ್ಲವೇ ಪೊಲೀಸು. ಹುಡುಗಿಯರಾದರೆ ಬಿ.ಎಡ್, ಆಮೇಲೆ ಟೀಚರು. ಇಂಜಿನಿಯರಿಂಗ್ ಓದಿದವರೇ ರಸ್ತೆ ಗುತ್ತಿಗೆದಾರರ ಹಿಂದೆ ಅಲೆಯುತ್ತಿದ್ದ ಕಾಲ. ಕಲಿತ ವಿಜ್ಞಾನದಿಂದಲೇ ಅನ್ನ ತಿಂದವರನ್ನು ನಾನಂತೂ ಕಂಡಿರಲಿಲ್ಲ. ನನಗೋ ಪಾಠ ಮಾಡುವುದೆಂದರೆ ಸುತರಾಂ ಆಗದು. ಲ್ಯಾಬಿನಲ್ಲಿ ಬ್ಯುರೆಟ್ ಎಂಬ ಅಳತೆಯ ಗಾಜಿನ ಕೊಳವೆ ಹಿಡಿದು ನಿಂತರೆ ಹಸಿವೂ ಗೊತ್ತಾಗುತ್ತಿರಲಿಲ್ಲ.

ಆಗಷ್ಟೇ ಹೊರಗಿನ ವ್ಯಾಪಾರಿಗಳು ಎಣ್ಣೆಗೆ ಪರೀಕ್ಷೆಯ ಫಲಿತಾಂಶ ಕೇಳತೊಡಗಿದ್ದರಿಂದ ಸಾವ್ಕಾರರು ಕೆಮಿಸ್ಟ್ ಹುಡುಕುತ್ತಿದ್ದರು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ ನಮ್ಮಪ್ಪ ನನ್ನನ್ನು ಅಲ್ಲಿಗೆ ಕಳಿಸಲು ಒಂದೇ ಒಂದು ಸುಗ್ಗಿಯ ಮಟ್ಟಿಗೆ ಒಪ್ಪಿದ. "ಅಲ್ಲಿ ಸರಿಬರಲಿಲ್ಲ ಅಂದ್ರೆ ಬಿ.ಎಡ್‌ಗೆ ಸೇರ್ತೀಯ. ಮತ್ತೆ ಮಾತಿಲ್ಲ," ಅಂದ.

ಸಾವ್ಕಾರರೆಂದರೆ ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಹೆಗಲ ಮೇಲೆ ಕೆಂಪಂಚಿನ ಟವಲ್, ಮತ್ತು ಬಲು ಜೋರು ಬಾಯಿ. ಗೋದಾಮಿನ ಮೂಲೆಯಲ್ಲಿ, ಕಿಟಕಿ ಪಕ್ಕ ನನಗೊಂದು ಮೇಜು ಹಾಕಿಸಿ ಮೇಲೆ 'ಲ್ಯಾಬೋರೇಟರಿ' ಎಂದು ಹಲಗೆ ಬರೆಸಿದರು. ಬಂದವರಿಗೆಲ್ಲ "ನಮ್ಮ ಸೈಂಟಿಸ್ಟ್ ರೀ" ಎಂದು ನನ್ನನ್ನು ತೋರಿಸುತ್ತಿದ್ದರು. ಆದರೆ ವ್ಯಾಪಾರ ಮಾತ್ರ ಅಜ್ಜನ ಕಾಲದ್ದು. ದರವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಟವಲ್ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಒತ್ತಿಯೇ ದರ ಕುದುರಿಸುತ್ತಿದ್ದರು. ಸುತ್ತ ನಿಂತವರಿಗೆ ಇಬ್ಬರ ಮುಖ ಬಿಟ್ಟು ಇನ್ನೇನೂ ತಿಳಿಯುತ್ತಿರಲಿಲ್ಲ. ಹೆಂಗಸರಂತೂ ಆ ಟವಲ್ಲಿನ ಹತ್ತಿರ ಸುಳಿಯುತ್ತಿರಲಿಲ್ಲ.

ಒಂದು ದಿನ ತಳಕಿನ ಕಡೆಯ ರೈತನೊಬ್ಬ ಮಳೆಗೆ ಸಿಕ್ಕಿ ಸಿಪ್ಪೆ ಕಪ್ಪಾದ ಶೇಂಗಾ ತಂದ. ಮಿಲ್ಲಿನ ದಲ್ಲಾಳಿ ಮೂಗು ಮುರಿದ. ನಾನು ಒಂದು ಹಿಡಿ ತೆಗೆದುಕೊಂಡು ಒಳಗೆ ಹೋದೆ. ಇತ್ತ ಅಂಗಳದಲ್ಲಿ ಸಾವ್ಕಾರರು ಟವಲ್ ಕೆಳಗೆ ಅಗ್ಗದ ದರ ಒತ್ತುತ್ತಿದ್ದರಂತೆ, ಪಾಪದ ರೈತ ಇನ್ನೇನು ಒಪ್ಪುವವನಿದ್ದನಂತೆ. ಅಷ್ಟರಲ್ಲಿ ನನ್ನ ಪರೀಕ್ಷೆ ಮುಗಿಯಿತು. ಖುಷಿ ತಡೆಯಲಾಗಲಿಲ್ಲ. ಕಿಟಕಿಯಿಂದಲೇ ಕೂಗಿಬಿಟ್ಟೆ: "ಸಾವ್ಕಾರ್ರೇ, ಸಿಪ್ಪೆ ಅಷ್ಟೇ ಕಪ್ಪು ರೀ! ಕಾಳು ಬಂಗಾರದಂಗೈತೆ!"

ರೈತ ಥಟ್ಟನೆ ಕೈ ಎಳೆದುಕೊಂಡ. ಅಂಗಳವೆಲ್ಲ ಗೊಳ್ಳೆಂದಿತು. ದಲ್ಲಾಳಿ ಹಣೆ ಬಡಿದುಕೊಂಡು, "ಹೆಣ್ಮಕ್ಕಳ್ನ ವ್ಯಾಪಾರದಾಗೆ ಬಿಟ್ರೆ ಹಿಂಗೇಯ. ಮನೀಗೆ ಕಳಿಸ್ರಿ ಅತ್ಲಾಗೆ," ಅಂದ. ನನ್ನ ಗ್ರಹಚಾರಕ್ಕೆ, ಪೇಟೆಯ ಅಂಗಡಿಗೆ ಸೀರೆ ಕೊಡಲು ಊರಿಂದ ಬಂದಿದ್ದ ಅಪ್ಪ ಅದೇ ಹೊತ್ತಿಗೆ ಗೇಟಿನಲ್ಲಿ ನಿಂತಿದ್ದ. ಬೇಸರವಾದರೆ ಅವನ ಬಾಯಲ್ಲಿ ತೆಲುಗು ಬರುತ್ತಿತ್ತು. "ಚಾಲು ತಲ್ಲೀ... ಸಾಕು ತಾಯಿ. ನಡಿ ಮನೀಗೆ." ಹೋಯಿತು, ಇನ್ನು ಬ್ಯುರೆಟ್ ಬಿಟ್ಟು ಸೀಮೆಸುಣ್ಣವೇ ಗತಿ ಅಂದುಕೊಂಡೆ.

ಸಾವ್ಕಾರರು ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಆಮೇಲೆ ರೈತನ ಕಡೆ ತಿರುಗಿ, ಎಲ್ಲರ ಮುಂದೆ, ಬಾಯಿಬಿಟ್ಟು, ಅವತ್ತಿನ ಅತಿ ಹೆಚ್ಚಿನ ದರ ಹೇಳಿಬಿಟ್ಟರು! ದಲ್ಲಾಳಿಗೆ, "ಲೇ, ನಿಜ ಹೇಳು ಅಂತ ನಾನೇ ಸಂಬಳ ಕೊಟ್ಟು ಕೂರ್ಸೀನಿ. ನಿಜ ಹೇಳಿದ್ಲು ಅಂತ ನಾನೇ ಕಳಿಸ್ಲೇನಲೇ?" ಅಂದರು. ಅಪ್ಪನಿಗೆ, "ನೀವು ಊಟ ಮಾಡ್ಕಂಡು ಹೋಗ್ರಿ. ಸೈಂಟಿಸ್ಟ್ ಬರಂಗಿಲ್ಲ."

ಸಾವ್ಕಾರರೇನೂ ನಷ್ಟದ ವ್ಯಾಪಾರ ಮಾಡುವವರಲ್ಲ ಬಿಡಿ. ಸುದ್ದಿ ಹಬ್ಬಿ, ಒಳ್ಳೆ ಕಾಳಿದ್ದವರೆಲ್ಲ "ಆ ಹುಡ್ಗಿ ಕೂಗೋ ಮಿಲ್ಲಿಗೆ" ಗಾಡಿ ತಿರುಗಿಸಿದರು. ಸುಗ್ಗಿ ಮುಗಿಯಿತು, ನಾನು ಅಲ್ಲೇ ಉಳಿದೆ. ಅಪ್ಪ ಮತ್ತೆ ಬಿ.ಎಡ್ ಸುದ್ದಿ ಎತ್ತಲಿಲ್ಲ.

ಎರಡು ಸಾವಿರ ಇಸವಿ ದಾಟಿದ ಮೇಲೆ ನನಗೆ ಸರ್ಕಾರಿ ಪ್ರಯೋಗಾಲಯದಲ್ಲಿ ಕೆಲಸವಾಯಿತು. ಅಷ್ಟೊತ್ತಿಗೆ ಕಾಲ ತಿರುಗಿತ್ತು. ಔಷಧಿ ಕಾರ್ಖಾನೆಯವರು, ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುವವರು ವಿಜ್ಞಾನ ಓದಿದವರನ್ನು ಕರೆದು ಕೆಲಸ ಕೊಡುತ್ತಿದ್ದರು. ಎಣ್ಣೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಹೇಳಿ ಹೋಗಲು ಬಂದಾಗ ಸಾವ್ಕಾರರು ಅರೆ ಖಾಲಿ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಸಂಬಳ ಎಷ್ಟಂತೆ?" ಅಂದರು. ನಾನು ಬಾಯಿ ತೆಗೆಯುವುದರೊಳಗೆ, "ಶ್... ಕೂಗ್ಬ್ಯಾಡ ಮಾರಾಯ್ತಿ!"

ಹೆಗಲ ಮೇಲಿನ ಟವಲ್ ತೆಗೆದು ತಮ್ಮ ಕೈ ಮೇಲೆ ಹರಡಿ, ನನ್ನ ಕಡೆ ಚಾಚಿದರು. ಹಮಾಲರು ಮೂಟೆ ಇಳಿಸಿ ನಿಂತರು. ಅದೇ ದಲ್ಲಾಳಿ ಬಿಟ್ಟ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದ. ನಾನು ಟವಲ್ ಕೆಳಗೆ ಕೈ ಇಟ್ಟು ಬೆರಳು ಒತ್ತಿದೆ. "ಕಮ್ಮಿ ಆತು, ಇನ್ನೂ ಜಗ್ಗಬೇಕಿತ್ತು," ಎಂದು ನಕ್ಕರು. ಕೈ ಮಾತ್ರ ಬೇಗ ಬಿಡಲಿಲ್ಲ. ನನಗೆ ಅಳು ಬಂತು.

ಅವರು ಹೋಗಿ ಬಹಳ ವರ್ಷಗಳಾದವು. ಮಿಲ್ಲಿನ ಜಾಗದಲ್ಲಿ ಈಗ ಟ್ರ್ಯಾಕ್ಟರ್ ಶೋರೂಮಿದೆ. ನಮ್ಮ ಲ್ಯಾಬಿಗೆ ಸೇರುವ ಹುಡುಗಿಯರನ್ನು ನೋಡಿ ಯಾರೂ ಹುಬ್ಬೇರಿಸುವುದಿಲ್ಲ, ಹಾಗೇ ಇರಬೇಕು. ಈಚೆಗೆ ನನಗೆ ಬಡ್ತಿಯಾಯಿತು. ಮನೆಯಲ್ಲಿ ಸಂಬಳ ಎಷ್ಟೆಂದು ಕೇಳಿದರು, ಬಾಯಿಬಿಟ್ಟೇ ಹೇಳಿದೆ. ಹೇಳುವಾಗ ಬೆರಳುಗಳು ತಾವಾಗಿಯೇ ಮಡಚಿಕೊಂಡವು... ಅವನ್ನು ಹಿಡಿದು ನೋಡಿ 'ಕಮ್ಮಿ ಆತು' ಅನ್ನುವ ಸಾವ್ಕಾರರ ಕೈ ಇರಲಿಲ್ಲ.