ನೀಲಿ ಬೆರಳಿನ ಅತ್ತೆ

ಅಪ್ಪನ ತಂಗಿಗೆ ನಾವು ಮನೆಯಲ್ಲಿ ಇಟ್ಟ ಹೆಸರು ‘ನೀಲಿ ಅತ್ತೆ’. ಕಾರಣ ಅವಳ ಬೆರಳುಗಳು. ಸಮುದ್ರದ ತಳದಿಂದ ಕೊರೆದು ತಂದ ಕೆಸರನ್ನು ಪ್ರಯೋಗಾಲಯದಲ್ಲಿ ಜರಡಿಗೆ ಹಾಕಿ ತೊಳೆದು, ಸಾಸಿವೆಗಿಂತ ಸಣ್ಣ ಚಿಪ್ಪುಗಳನ್ನು ಕುಂಚದ ತುದಿಯಲ್ಲಿ ಆರಿಸುವುದು ಅವಳ ಕೆಲಸ. ಪ್ರತಿ ಸಲ ತೊಳೆದಾದ ಮೇಲೆ ಜರಡಿಯನ್ನು ನೀಲಿ ಬಣ್ಣದಲ್ಲಿ ಅದ್ದಬೇಕು. ಹಿಂದಿನ ಕೆಸರಿನ ಚಿಪ್ಪೇನಾದರೂ ಅಂಟಿಕೊಂಡಿದ್ದರೆ ನೀಲಿಯಾಗಿ ಸಿಕ್ಕಿಬೀಳುತ್ತದೆ. ಕೈಗವಸು ಕಂಡರೆ ಅತ್ತೆಗೆ ಆಗದು.

ದೂರದೇಶದಲ್ಲಿ ಹಿಂದೆ ಒಂದಾಗಿದ್ದ ಎರಡು ಕಡಲುಗಳ ನಡುವೆ ನೆಲ ಎದ್ದು ದಾರಿ ಮುಚ್ಚಿದ್ದು ಯಾವಾಗ ಎಂಬುದು ಅವರ ಕಚೇರಿಯ ತಲೆನೋವು. ದಾರಿ ತೆರೆದಿರುವಷ್ಟು ಕಾಲ ಪಡುಗಡಲಿನ ಜೀವಿಗಳು ಮೂಡುಗಡಲಿಗೂ ಬರುತ್ತವೆ. ಮುಚ್ಚಿದ ನಂತರ ಮೂಡುಗಡಲಿನಲ್ಲಿ ಕೂತ ಪದರಗಳಲ್ಲಿ ಅವುಗಳ ಚಿಪ್ಪು ಸಿಗುವುದಿಲ್ಲ. ನನ್ನ ಅಣ್ಣನ ಮದುವೆ ಮುಗಿಸಿ ಕೆಲಸಕ್ಕೆ ಹೋದ ಅತ್ತೆಗೆ, ಮೂಡುಗಡಲಿನ ಮೇಲಿನ ಪದರದಲ್ಲಿ, ಇರಬಾರದ ಕಡೆ, ಪಡುಗಡಲಿನ ಚಿಪ್ಪೊಂದು ಸಿಕ್ಕಿತು. ಅದೂ ನೀಲಿಯಲ್ಲ, ಬೆಳ್ಳಗೆ! ಅಂದರೆ ದಾರಿ ಮುಚ್ಚಿದ್ದು ಎಲ್ಲರೂ ಅಂದುಕೊಂಡದ್ದಕ್ಕಿಂತ ಲಕ್ಷಾಂತರ ವರ್ಷ ತಡವಾಗಿ. ಮೇಲಧಿಕಾರಿ ಹಿರಿಹಿರಿ ಹಿಗ್ಗಿ, ಲೇಖನದಲ್ಲಿ ಅವಳ ಹೆಸರನ್ನೂ ಹಾಕುವುದಾಗಿ ಹೇಳಿದರು. ಇಷ್ಟು ವರ್ಷ ಕಣ್ಣು ಸವೆಸಿದವಳಿಗೆ ಅದೇ ಮೊದಲು. ಅಬ್ಬಬ್ಬಾ, ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಾಲು ಹಾಕುವವನನ್ನೂ ನಿಲ್ಲಿಸಿಕೊಂಡು ಕಡಲಿನ ಕಥೆ ಹೇಳಿದಳು.

ಅಷ್ಟರಲ್ಲಿ ಮದುವೆಯ ಫೋಟೋಗಳು ಬಂದವು.

“ಅತ್ತೆ, ನಿನ್ನ ಕೈ ಎಷ್ಟು ಬೆಳ್ಳಗಿದೆ ನೋಡು! ಯಾರ ಹತ್ರ ಕಡ ತಂದೆ?” ಎಂದೆ.

ಬೈಯುತ್ತಾಳೆಂದುಕೊಂಡರೆ, ಅವಳ ಮುಖ ಸಪ್ಪಗಾಯಿತು.

“ಫೋಟೋದಲ್ಲಿ ಚೆನ್ನಾಗಿ ಕಾಣ್ಲಿ ಅಂತ ಮದುವೆಗೆ ಮುಂಚಿನ ವಾರ ಬಣ್ಣ ಮುಟ್ಲೇ ಇಲ್ಲ ಕಣೇ. ಪಡುಗಡಲ ಕೆಸರು ತೊಳ್ದು, ಜರಡೀನ ಬರೀ ನೀರಲ್ಲಿ ಜಾಲಿಸಿ, ಅದರಲ್ಲೇ ಮೂಡುಗಡಲದ್ದನ್ನೂ ತೊಳ್ದೆ. ಆ ಚಿಪ್ಪು ಜರಡೀಲೇ ಉಳ್ಕೊಂಡಿದ್ದಿರ್ಬೇಕು.”

“ಒಂದು ಚಿಪ್ಪು ತಾನೇ? ಯಾರಿಗೆ ಗೊತ್ತಾಗುತ್ತೆ?”

“ಬಾಯ್ಮುಚ್ಚೇ,” ಎಂದಳು. ಮರುದಿನ ಹೋಗಿ ಮೇಲಧಿಕಾರಿಗೆ ಹೇಳಿಬಿಟ್ಟಳು. ಆ ಪದರದ ಉಳಿದ ಕೆಸರನ್ನೆಲ್ಲ ಮತ್ತೆ ತೊಳೆದರು. ಅಂಥ ಚಿಪ್ಪು ಇನ್ನೊಂದು ಸಿಗಲಿಲ್ಲ. ಕಡಲ ದಾರಿ ಮೊದಲು ಅಂದುಕೊಂಡಿದ್ದ ಕಾಲಕ್ಕೇ ಮುಚ್ಚಿಕೊಂಡಿತು. ಅತ್ತೆಯ ಹೆಸರು ಎಲ್ಲೂ ಅಚ್ಚಾಗಲಿಲ್ಲ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಬರೀ ಬೆರಳಾಡಿಸುತ್ತಿದ್ದಳು.

ಮುಂದಿನ ವರ್ಷ ನನ್ನ ಮದುವೆ. ಫೋಟೋ ತೆಗೆಯುವವನು, “ಅಮ್ಮಾ, ಕೈ ಸ್ವಲ್ಪ ಹಿಂದಕ್ಕಿಟ್ಕೊಳ್ಳಿ, ಇಂಕು ಕಾಣ್ತಿದೆ,” ಎಂದ.

“ಕಾಣ್ಲಿ ಬಿಡಪ್ಪಾ,” ಎನ್ನುತ್ತ ಅತ್ತೆ ನನ್ನ ಹೆಗಲ ಮೇಲೆ ಕೈ ಹಾಕಿ ಐದೂ ಬೆರಳು ಬಿಡಿಸಿಟ್ಟಳು. ಆ ಫೋಟೋ ನೋಡಿದವರಿಗೆ ಇವತ್ತಿಗೂ ಮೊದಲು ಕಾಣುವುದು ಅದೇ. ನನ್ನ ಗಂಡ ಆಮೇಲೆ.