ನಾರ್ಣಜ್ಜನ ಕಾಲಿಗೆ ಬಂದ ನೀರು

ಆಕ್ಸಿಜನ್ ಸಿಲಿಂಡರ್ ಅರ್ಧ ದಾರಿಯಲ್ಲೇ ಖಾಲಿಯಾಗಬಹುದು. ಆಂಬುಲೆನ್ಸಿನ ಚಕ್ರ ಹೊಯಿಗೆಯಲ್ಲಿ ಹೂತುಹೋಗಬಹುದು. ಹೆದ್ದಾರಿಯಲ್ಲಿ ಲಾರಿಯೊಂದು ಅಡ್ಡ ನಿಂತು ನಮ್ಮನ್ನೂ ನಿಲ್ಲಿಸಬಹುದು. ಗಾಲಿಕುರ್ಚಿ ಮಗುಚಬಹುದು. ಉಸಿರು ಕಟ್ಟಿದರೆ ನೆಬ್ಯುಲೈಸರಿಗೆ ಕಡಲ ತಡಿಯಲ್ಲಿ ಕರೆಂಟು ಎಲ್ಲಿಂದ? ಚಿಪ್ಪು ತಾಗಿ ಕಾಲು ಕೊಯ್ಯಬಹುದು. ಸಕ್ಕರೆ ಕಾಯಿಲೆಯವರ ಗಾಯ ಬೇಗ ಮಾಯುವುದಿಲ್ಲ. ಅಲ್ಲೇ ಜೀವ ಹೋಗಬಹುದು. ಹೋದರೆ ಯಾರೋ ಮೊಬೈಲಿನಲ್ಲಿ ವಿಡಿಯೋ ಮಾಡಿ, ನಾನು ಬಾಯಿ ಬಿಟ್ಟುಕೊಂಡು ನಿಂತದ್ದು ಊರಿಗೆಲ್ಲ ಕಾಣಬಹುದು.

ಕೋವಿಡ್ ಗಲಾಟೆ ತಣ್ಣಗಾದ ವರ್ಷ ಅದು. ನಾನು ಕುಂದಾಪುರದ ಒಂದು ಪ್ಯಾಲಿಯೇಟಿವ್ ಕೇರ್ ತಂಡದಲ್ಲಿ ನರ್ಸ್ ಆಗಿದ್ದೆ. ಗುಣವಾಗದ ಕಾಯಿಲೆಯವರ ಮನೆಗೇ ಹೋಗಿ ನೋವು, ಉಸಿರು, ಹುಣ್ಣುಗಳನ್ನು ನೋಡಿಕೊಳ್ಳುವ ಕೆಲಸ. ಗಂಡು ನರ್ಸ್ ಆದ್ದರಿಂದ ಎಲ್ಲರ ಬಾಯಲ್ಲೂ ‘ಬ್ರದರ್’. ಹೆದರುವುದು ನನ್ನ ಹುಟ್ಟುಗುಣ. ಮನೆಯ ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಸಾಲಿಗ್ರಾಮದಲ್ಲಿ ಹತ್ತಿದ ಬಸ್ಸನ್ನು ಕೋಟದಲ್ಲೇ ಇಳಿದು ಹಿಂದಿರುಗಿದವನು ನಾನು. ನರ್ಸಿಂಗಿಗೆ ಇದು ಒಳ್ಳೆಯ ಗುಣ ಎಂದು ನಮ್ಮ ಡಾಕ್ಟರು ಹೇಳುತ್ತಿದ್ದರು. ನನ್ನ ಹೆಂಡತಿ ಹಾಗೆ ಹೇಳಿದ್ದಿಲ್ಲ.

ನಾರ್ಣಜ್ಜ ಕೋಟ ಪಡುಕರೆಯ ಮೀನುಗಾರ. ಎಂಬತ್ತು ದಾಟಿತ್ತು. ಮದುವೆಯಾಗದೆ, ತೀರಿಹೋದ ಅಕ್ಕನ ಮಕ್ಕಳನ್ನು ಬೆಳೆಸಿದವರು. ಅವರಲ್ಲಿ ಹಿರಿಯವಳಾದ ಗುಲಾಬಿ ಮೀನು ಮಾರಿ ತಲ್ಲೂರಿನ ಹೆದ್ದಾರಿ ಬದಿಯಲ್ಲಿ ಮನೆ ಕಟ್ಟಿಸಿದ್ದಳು. ಅಜ್ಜನಿಗೆ ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಫೈಬ್ರೋಸಿಸ್. ಆಕ್ಸಿಜನ್ ಯಂತ್ರಕ್ಕೆ ತಲ್ಲೂರಿನ ಕರೆಂಟು ನಂಬಿಕೆಯದೆಂದು ಮಾವನನ್ನು ತನ್ನ ಮನೆಗೆ ತಂದಿದ್ದಳು. ಕೋಣೆಯೊಳಗೆ ಮಲಗಿ ಗೊತ್ತಿಲ್ಲದ ಮನುಷ್ಯ. ಬೇಸಗೆಗೆ ಹೊಯಿಗೆಯ ಮೇಲೆ ಚಾಪೆ, ಮಳೆಗಾಲಕ್ಕೆ ದೋಣಿಯ ಚಪ್ಪರ. ಈಗ ಲಾರಿಗಳಿಗೆ ಅಲುಗುವ ಕಿಟಕಿಯ ಪಕ್ಕ ಮಂಚ.

“ನಾವ್ ಸಣ್ಣದಿಪ್ಪತಿಗೆ ನಮ್ಮನ್ನ್ ಮಳಿ ಹೆಕ್ಕೂಕೆ ಕರ್ಕಂಡ್ ಹೋತಿದ್ರ್,” ಎಂದು ಗುಲಾಬಿ ಒಮ್ಮೆ ಹೇಳಿದಳು. ಮಳಿ ಎಂದರೆ ನೀರಿನಡಿಯ ಹೊಯಿಗೆಯಲ್ಲಿ ಹುದುಗಿರುವ ಚಿಪ್ಪುಮೀನು. “ಬಗ್ಗಿ ಹುಡ್ಕ್ರೆ ಬೈತಿದ್ರ್. ‘ಕಣ್ಣ್ ಮುಚ್ಕಣಿ ಮಕ್ಳೆ, ಕಾಲಂಗೆ ಕಾಣಿ’ ಅಂತಿದ್ರ್. ಇವ್ರ್ ಕಾಲಿಗೆ ಮಳಿ ಸಿಕ್ತಿತ್, ನಮ್ಗೆ ಬರೀ ಕಲ್ಲ್.”

ಕಿವಿ ಮಂದವಾಗಿದ್ದರೂ ಅಜ್ಜನಿಗೆ ಇಂಥದ್ದು ಕೇಳಿಸುತ್ತಿತ್ತು. “ನಿಂಗ್ ಸಿಕ್ಕೂದೆಲ್ಲ ಕಲ್ಲೇ. ನಿನ್ ಗಂಡನ್ನ್ ಕಾಣ್.”

ಅಜ್ಜ ನನ್ನಲ್ಲಿ ಕೇಳಿದ್ದು ಒಂದೇ. “ಬ್ರದ್ರೇ, ಮದ್ದ್ ಸಾಕ್. ಒಂದ್ ಸಲ ಕಡಲಿಗೆ ಕಾಲ್ ಕೊಟ್ಟ್ ಬಪ್ಪ.”

ಬದುಕಿಸುವ ಪ್ರಶ್ನೆ ಅಲ್ಲಿರಲಿಲ್ಲ. ಉಳಿದದ್ದು ಕೆಲವೇ ವಾರ ಎಂಬುದು ಅಜ್ಜನಿಗೂ ಗೊತ್ತಿತ್ತು. ನಾನು ಮೇಲಿನ ಭಯಗಳನ್ನೆಲ್ಲ ಒಂದೊಂದಾಗಿ ಒಪ್ಪಿಸಿದೆ. ಅವರು ಪೂರ್ತಿ ಕೇಳಿ, ಉಸಿರು ಕೂಡಿಸಿಕೊಂಡು ಹೇಳಿದರು: “ಸಾಯೂದ್ ನಾನ್. ಬೆವ್ರೂದ್ ನೀವ್.”

ದಿನವನ್ನೂ ಅವರೇ ಗೊತ್ತುಮಾಡಿದರು. ಪಡುಕರೆಯವರಿಗೆ ತಿಥಿ ತಿಳಿದರೆ ಉಬ್ಬರದ ಹೊತ್ತೂ ತಿಳಿದಂತೆ. “ಅಷ್ಟಮಿಗೆ ಹೋಪ. ಹೊತ್ತ್ ಕಂತೂಕ್ ಮುಂಚೆ ನೀರ್ ಏರತ್ತ್. ನಮ್ಮ ದೋಣಿ ಎಳೂ ಜಾಗದಗೆ ಕುರ್ಚಿ ಇಡಿ. ಅದೇ ನನ್ ಹತ್ರ ಬತ್ತ್.” ತಿಂಗಳುಗಟ್ಟಲೆ ಕಡಲು ಕಾಣದೆ ಮಲಗಿದಲ್ಲೇ ಹಾಕಿದ ಲೆಕ್ಕ. ಅವರಲ್ಲಿ ಕೆಡದೆ ಉಳಿದದ್ದು ಅದೊಂದೇ ಎಂದು ನನಗೆ ಅನಿಸಿತ್ತು.

ಡಾಕ್ಟರು ಒಪ್ಪಿದರು. ನಾನು ಹೆಚ್ಚಿನ ಸಿಲಿಂಡರ್ ಹೊಂದಿಸಿದೆ, ಚಕ್ರದಡಿಗೆ ಹಲಗೆ ತಂದೆ, ಮುಂಚಿತವಾಗಿ ಹೋಗಿ ಆ ಜಾಗದ ಚಿಪ್ಪುಗಳನ್ನೆಲ್ಲ ಹೆಕ್ಕಿ ಚೀಲಕ್ಕೆ ತುಂಬಿದೆ. ಬಲೆ ಬಿಡಿಸುತ್ತಿದ್ದವನೊಬ್ಬ ಕೂಗಿದ: “ಹ್ವಾಯ್, ಎಂತ ಚಿಪ್ಪಿ ಯಾಪಾರವಾ?”

ಅಷ್ಟಮಿಯ ಸಂಜೆ ಎಲ್ಲವೂ ಸುಸೂತ್ರವಾಗಿ ನಡೆಯಿತು. ಗುಲಾಬಿ ಮಾವನ ಕಾಲುಚೀಲ ತೆಗೆದು ಪಾದಗಳನ್ನು ಹೊಯಿಗೆಯ ಮೇಲಿಟ್ಟಳು. ಅಜ್ಜ ಕಣ್ಣು ಮುಚ್ಚಿ ಕಾದರು. ಅವರು ಹೇಳಿದ ಹೊತ್ತಿಗೆ, ಹೇಳಿದ ಜಾಗಕ್ಕೆ, ನೀರು ಬಂತು. ಹಿಮ್ಮಡಿ ಮುಳುಗಿಸಿ, ಬೆರಳುಗಳ ಸಂದಿನಲ್ಲಿ ನೊರೆ ಬಿಟ್ಟು ಹೋಯಿತು. ಮತ್ತೆ ಬಂತು. ಮತ್ತೂ ಬಂತು.

“ಗುಲಾಬಿ, ನೀರ್ ಇನ್ನೂ ಬರ್ಲಿಲ್ಯಾ?”

ಹಳೆಯ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಸಾಯಿಸುತ್ತದೆ. ಪೆರಿಫೆರಲ್ ನ್ಯೂರೋಪಥಿ ಎನ್ನುತ್ತೇವೆ. ಪ್ರತಿ ಭೇಟಿಯಲ್ಲೂ ಅಜ್ಜನ ಅಂಗಾಲಿಗೆ ನೈಲಾನ್ ಎಳೆ ಒತ್ತಿ ಸ್ಪರ್ಶ ಇದೆಯೇ ಎಂದು ಪರೀಕ್ಷಿಸುತ್ತಿದ್ದವನು ನಾನೇ. ಕೊಯ್ದರೂ ಅವರಿಗೆ ತಿಳಿಯದೆಂದೇ ಚಿಪ್ಪು ಹೆಕ್ಕಿದ್ದು. ಚಿಪ್ಪು ತಿಳಿಯದ ಕಾಲಿಗೆ ಕಡಲೂ ತಿಳಿಯದು ಎಂಬುದು ಮಾತ್ರ ನನ್ನ ಅಷ್ಟು ಭಯಗಳಲ್ಲಿ ಎಲ್ಲೂ ಇರಲಿಲ್ಲ.

ಗುಲಾಬಿ ನನ್ನ ಮುಖ ನೋಡಿದಳು. ಬಂದಿದೆ ಎಂದರೆ ಕಾಲು ಸತ್ತಿದೆ ಎಂದು ಹೇಳಿದಂತೆ. ಬಂದಿಲ್ಲ ಎಂದರೆ ಲೆಕ್ಕ ತಪ್ಪಿತು ಎಂದಂತೆ. ನಾನು ಸಿಲಿಂಡರಿನ ಮೀಟರ್ ನೋಡಿದೆ. ಅದು ಸರಿಯಾಗಿಯೇ ಇತ್ತು.

“ಇನ್ನೂ ಇಲ್ಲೆ ಮಾವ,” ಎಂದಳು ಗುಲಾಬಿ ಗಟ್ಟಿಯಾಗಿ. ಅವಳ ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು. “ಬರ್ಲಿಲ್ಲೆ.”

ಅಜ್ಜ ಇನ್ನೂ ಸ್ವಲ್ಪ ಹೊತ್ತು ಕಾದರು. “ಹಾಂಗಾರೆ ನನ್ ಲೆಕ್ಕವೂ ತಪ್ಪಿತ್. ನಡಿನಿ, ಹೋಪ.”

ಅವರು ಕಣ್ಣು ಬಿಡುವ ಮೊದಲು ಕುರ್ಚಿಯನ್ನು ಹಿಂದಕ್ಕೆಳೆದೆವು. ಗುಲಾಬಿ ಸೆರಗಿನಿಂದ ಕಾಲು ಒರೆಸಿ ಕಾಲುಚೀಲ ಹಾಕಿದಳು. ಅವರ ಕೈಗಳಿಗೆ ಸ್ಪರ್ಶ ಚೆನ್ನಾಗಿಯೇ ಇತ್ತು. ಅಂಗೈಗೆ ಒಂದು ಬೊಗಸೆ ನೀರು ಹಾಕಿದ್ದರೆ ಸಾಕಿತ್ತು. ಅದು ನನಗೆ ಹೊಳೆದದ್ದು ತಲ್ಲೂರು ಮುಟ್ಟಿದ ಮೇಲೆ. ಮರುದಿನ ಬಾಟಲಿಯಲ್ಲಿ ಕಡಲ ನೀರು ತರೋಣವೆಂದರೆ ಅಜ್ಜ ಬೇಡವೆಂದರು. ಆಮೇಲೆ ಅವರು ತಿಥಿ ಕೇಳಲಿಲ್ಲ. ಅದೇ ಕೋಣೆಯಲ್ಲಿ, ಮುಂದಿನ ಹುಣ್ಣಿಮೆಯೊಳಗೆ ತೀರಿಕೊಂಡರು.

ರೋಗಿಗೆ ಏನೂ ಆಗದಂತೆ ಕಾಯುವುದರಲ್ಲಿ, ಅವನಿಗೆ ಆಗಬೇಕಾದದ್ದನ್ನು ಕಾಯಲು ಮರೆಯುತ್ತೇವೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ನಾರ್ಣಜ್ಜನಿಗೆ ಅದರಿಂದ ಪ್ರಯೋಜನವಿಲ್ಲ. ಆ ಸಂಜೆ ಸಿಲಿಂಡರ್ ಖಾಲಿಯಾಗಲಿಲ್ಲ. ಚಕ್ರ ಹೂತುಹೋಗಲಿಲ್ಲ, ಕುರ್ಚಿ ಮಗುಚಲಿಲ್ಲ, ಕಾಲು ಕೊಯ್ಯಲಿಲ್ಲ, ಯಾರೂ ವಿಡಿಯೋ ಮಾಡಲಿಲ್ಲ. ನೀರು ಬಂದದ್ದು ಅಜ್ಜನಿಗೆ ಗೊತ್ತಾಗಲಿಲ್ಲ, ಅಷ್ಟೆ.