ಹನ್ನೊಂದನೆಯ ಲಾಡಿ

ಅಥವಾ ಆ ಮೊರದಲ್ಲಿ ಇದ್ದದ್ದು ಹನ್ನೆರಡೋ ಏನೋ. ಹನ್ನೊಂದು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಅದೇ ನಿಜವಾಗಿಬಿಟ್ಟಿರಬಹುದು. ಬಿಸಿಲಿತ್ತು, ಅದು ಖರೆ. ಕೋಳಿಯೊಂದು ಮೊರದ ಸುತ್ತ ಸುಳಿಯುತ್ತಿತ್ತು. ಅದೂ ಖರೆ ಅನ್ನಿಸುತ್ತದೆ, ಆದರೆ ನಮ್ಮ ಅಂಗಳದ ಯಾವ ನೆನಪಿನಲ್ಲಿ ಕೋಳಿ ಇಲ್ಲ?

ಆಗ ಎಂದರೆ ಬಹಳ ಹಿಂದಲ್ಲ. ಕೊರೊನಾ ಬಂದ ಮೊದಲ ವರ್ಷ. ನನಗೆ ಹನ್ನೆರಡು. ಸಿಂಧನೂರಿನಿಂದ ಮಸ್ಕಿಗೆ ಹೋಗುವಾಗ ಕಾಲುವೆ ದಾಟಿದರೆ ನಮ್ಮೂರು. ಶಾಲೆಗೆ ಬೀಗ. ರೇಷನ್ ಅಂಗಡಿಯ ಮುಂದೆ ಮಂದಿ ದೂರ ದೂರ ನಿಲ್ಲಲೆಂದು ಸುಣ್ಣದಿಂದ ಗುಂಡಗೆ ಗೀಚಿದ್ದರು. ನಾನೂ ಎದುರುಮನೆ ಶಾಂತಿಯೂ ಅವುಗಳೊಳಗೆ ಕುಂಟಾಟ ಆಡುತ್ತಿದ್ದೆವು. ಶಾಂತಿ ಯಾವಾಗಲೂ ನನಗಿಂತ ಒಂದು ಸುತ್ತು ಮುಂದೆ.

ನಮ್ಮ ಮನೆಯಲ್ಲಿ ಎಲ್ಲರ ಕೊರಳಲ್ಲೂ ಲಿಂಗ. ಆದರೂ ಮೊಹರಮ್ಮಿನಲ್ಲಿ ಅಲಾಯಿ ದೇವರು ನಮ್ಮದೇ ದೇವರು. ಒಂಬತ್ತನೆಯ ವರ್ಷ ನನಗೆ ಕಾಮಾಲೆ ಬಂದಾಗ ಅಜ್ಜಿ ಹರಕೆ ಹೊತ್ತಿದ್ದಳು: ಕೂಸು ಉಳಿದರೆ ಮೂರು ವರ್ಷ ಫಕೀರಳನ್ನಾಗಿ ಮಾಡುತ್ತೇನೆ. ಫಕೀರರಾಗುವುದೆಂದರೆ ಲಾಡಿ ಎಂಬ ಕೆಂಪು ದಾರವನ್ನು ಕೊರಳಿಗೆ ಹಾಕಿಕೊಂಡು, ಬರಿಗಾಲಲ್ಲಿ ಐದು ಮನೆ ಬೇಡುವುದು. ಎರಡು ವರ್ಷ ಬೇಡಿದ್ದೆ. ಊದಿನ ಹೊಗೆ ಕಣ್ಣಿಗೆ ಚುರುಗುಟ್ಟುತ್ತಿತ್ತು. ಬೆಲ್ಲ ಹಚ್ಚಿದ ಬಿಸಿ ಚೊಂಗೆ ರೊಟ್ಟಿಯನ್ನು ದೊಡ್ಡವರು ನನ್ನ ಕೈಗೇ ಮೊದಲು ಇಡುತ್ತಿದ್ದರು. ವರ್ಷವಿಡೀ 'ಏ ಹುಡುಗಿ' ಎನ್ನುವವರು ಆ ದಿನ 'ಬಾರವಾ ಫಕೀರವ್ವ' ಎನ್ನುತ್ತಿದ್ದರು. ಮೂರನೆಯದು ಕೊನೆಯ ವರ್ಷ.

ಆ ವರ್ಷ ಆರ್ಡರ್ ಬಂತು. ಅಲಾಯಿ ಕುಣಿ ತೋಡಬಾರದು, ಬೆಂಕಿ ಹಾಕಬಾರದು, ಮೆರವಣಿಗೆ ಇಲ್ಲ, ಅಲಾಯಿ ಕೂರಿಸುವ ದೇವರ ಮನೆಯೊಳಗೆ ಐದು ಮಂದಿ ಮಾತ್ರ. ಆರ್ಡರನ್ನು ಮನೆಮನೆಗೆ ಹೇಳಬೇಕಾದವಳು ನಮ್ಮವ್ವ. ಅವ್ವ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆಯುಟ್ಟು, ಜ್ವರ ನೋಡುವ ಯಂತ್ರ ಹಿಡಿದು ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಬರುತ್ತಿದ್ದಳು.

"ದೇವ್ರಿಗೂ ಆರ್ಡರ್ ಮಾಡ್ತಾರೇನ ಇವ್ರು?" ಅಜ್ಜಿ ಕೇಳಿದಳು.

"ದೇವ್ರಿಗಲ್ಲ ಅತ್ತಿ, ಮಂದಿಗೆ. ದೇವ್ರಿಗೆ ಜ್ವರ ಬರೂದಿಲ್ಲ. ನಿಮಗ ಬರ್ತಾವು."

"ನಿನ್ನ ಮಗಳ ಕಾಮಾಲಿ ಕಳದವರು ಯಾರು?"

"ದವಾಖಾನಿಯವರು."

"ದವಾಖಾನಿಗೆ ಹೋಗೂ ಬುದ್ಧಿ ಕೊಟ್ಟವರು ಯಾರು?"

ಅವ್ವ ಕೈಕಾಲು ತೊಳೆದುಕೊಳ್ಳಲು ಹಿತ್ತಲಿಗೆ ಹೋದಳು.

ದಾರಿ ಹುಡುಕಿದವನು ಅಲಾಯಿ ದೇವರ ಪೂಜೆಯ ಮುಜಾವರ ಹುಸೇನಜ್ಜ. ಹರಕೆಯ ಹುಡುಗರೆಲ್ಲ ಒಳಗೆ ಬರುವುದು ಬೇಡ. ಎಲ್ಲರ ಲಾಡಿಯನ್ನೂ ಒಂದೇ ಕೂಸು ಹಾಕಿಕೊಳ್ಳಲಿ, ಎಲ್ಲರ ಪರವಾಗಿ ಆ ಒಂದು ಕೂಸು ಫಕೀರ. ಐವರಲ್ಲಿ ಅದೂ ಒಂದು. ಹುಡುಗರ ಪೈಕಿ ಕೊನೆಯ ವರ್ಷದವಳು ನಾನೊಬ್ಬಳೇ. ಕಟ್ಟೆಯ ಮೇಲೆ ಅಜ್ಜಿ ನನ್ನ ಹೆಸರು ಹೇಳಿದಳು.

"ಬ್ಯಾಡ ಬೇ ಯಕ್ಕಾ," ಶಾಂತಿಯ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಆಕಿ ಅವ್ವ ದಿನಾ ಜ್ವರದ ಮನಿ ಹೊಕ್ಕು ಬರ್ತಾಳ."

ಅಜ್ಜಿ ಜಗಳಕ್ಕೆ ಸೆರಗು ಸಿಕ್ಕಿಸುವಷ್ಟರಲ್ಲಿ ಅವ್ವನೇ ಅಂದಳು: "ಖರೆ ಐತಿ. ನಮ್ಮ ಹುಡುಗಿ ಬ್ಯಾಡ. ಶಾಂತಿ ಹೋಗ್ಲಿ."

ಶಾಂತಿಗೆ ಅದು ಹರಕೆಯ ಮೊದಲನೆಯ ವರ್ಷ! ಆ ಮಧ್ಯಾಹ್ನ ಶಾಂತಿ ಕುಂಟಾಟಕ್ಕೆ ಕರೆದಳು. "ನಾ ಫಕೀರ ಆಗಾಕತ್ತೀನಿ, ಚಪ್ಪಲ್ ಹಾಕೂದಿಲ್ಲ," ಎಂದು ಸುಣ್ಣದ ಗೆರೆಯಲ್ಲಿ ಬರಿಗಾಲಿಟ್ಟು ತೋರಿಸಿದಳು. ನಾನು ಅವಳ ಬಿಲ್ಲೆಯನ್ನು ಕಾಲುವೆಗೆ ಎಸೆದೆ. ಎಸೆದೆನೋ, ಎಸೆಯಬೇಕೆಂದುಕೊಂಡೆನೋ. ಹೊಟ್ಟೆಯುರಿ ಮಾತ್ರ ಇವತ್ತಿಗೂ ಹಾಗೇ ಇದೆ.

ಲಾಡಿಗಳನ್ನು ಕೂಡಿಸಿದವಳೂ ಅವ್ವನೇ. ಹಣೆಗೆ ಯಂತ್ರ ಹಿಡಿದು ಜ್ವರ ಬರೆದುಕೊಂಡು, ಆಮೇಲೆ ಲಾಡಿಯನ್ನು ಸ್ಟೀಲಿನ ಡಬ್ಬಿಗೆ ಹಾಕಿಸಿಕೊಂಡು ಬಂದಳು. "ಬಿಸಲಿಗೆ ರೋಗದ ಹುಳ ಸಾಯ್ತಾವು. ಕೋಳಿ ಕೆದರದಂಗ ನೋಡಕೋ," ಎಂದು ಮೊರದಲ್ಲಿ ಹರವಿ ನನ್ನನ್ನು ಕಾಯಲು ಕೂರಿಸಿದಳು. ನಮ್ಮದೂ ಅದರಲ್ಲೇ ಇತ್ತು. ನನ್ನ ದಾರ ಶಾಂತಿಯ ಕೊರಳಲ್ಲಿ! ನೋಡುತ್ತ ಕೂತೆ. ಅವ್ವ ಉಣ್ಣಲು ಒಳಗೆ ಹೋದಾಗ ನನ್ನದೆಂದು ಒಂದನ್ನು ತೆಗೆದು ಲಂಗದ ನಡುಪಟ್ಟಿಗೆ ಸಿಕ್ಕಿಸಿಕೊಂಡೆ.

ಸಂಜೆಗೆ ಮುಂಚೆ ಅವ್ವನೂ ನಾನೂ ದೇವರ ಮನೆಯ ಬಾಗಿಲಿಗೆ ಹೋದೆವು. ಹುಸೇನಜ್ಜ ಹೊಸ್ತಿಲೊಳಗೆ, ನಾವು ಹೊರಗೆ. ಅವನು ಒಂದೊಂದಾಗಿ ತಟ್ಟೆಗೆ ಎತ್ತಿಟ್ಟ.

"ಹತ್ತ ಅದಾವಲ್ಲ ಯವ್ವಾ."

"ಹನ್ನೊಂದು ಅಜ್ಜಾ. ನಾನೇ ಎಣಿಸೀನಿ."

"ಹತ್ತ."

ಅವ್ವ ಡಬ್ಬಿ ಬೋರಲು ಹಾಕಿದಳು. ಬಂದ ದಾರಿಯನ್ನೊಮ್ಮೆ ನೋಡಿದಳು. ನನ್ನನ್ನು ನೋಡಲಿಲ್ಲ. ಆ ದಾರ ನನ್ನ ಸೊಂಟಕ್ಕೆ ಇರುವೆ ಹತ್ತಿದಂತೆ ಚುಚ್ಚುತ್ತಿತ್ತು. ಈಗ ಕೊಟ್ಟುಬಿಡಬಹುದಿತ್ತು. ಒಳಗೆ ಶಾಂತಿ ಹೊಸ ಲಂಗದಲ್ಲಿ ಚಾಪೆಯ ಮೇಲೆ ಕೂತಿದ್ದಳು, ಕಾಲ ಬಳಿ ಚೊಂಗೆಯ ತಟ್ಟೆ. ನಾನು ಕೊಡಲಿಲ್ಲ.

"ಒಂಚೂರು ನಿಂದ್ರು ಅಜ್ಜಾ," ಎಂದು ಅವ್ವ ಗೋಡೆಯ ಮರೆಗೆ ಹೋದಳು. ಚರ್ರ್ ಎಂದು ಬಟ್ಟೆ ಹರಿದ ಸದ್ದಾಯಿತು. ತನ್ನ ಸೆರಗಿನ ಅಂಚನ್ನು ಬೆರಳಗಲ ಹರಿದು, ಹೊಸೆಯುತ್ತ ಬಂದಳು.

"ಇದು ಲಾಡಿ ಅಲ್ಲ ಯವ್ವಾ," ಅಂದ ಅಜ್ಜ. "ಸರಕಾರದ ಸೀರಿ."

"ದೇವ್ರಿಗೆ ಗೊತ್ತಾಗತೈತೇನ?"

"ಗೊತ್ತಾಗತೈತಿ. ಆದ್ರ ಒಲ್ಲೆ ಅನ್ನಾಂಗಿಲ್ಲ. ತಾ ಇಲ್ಲಿ."

ಮಾರನೆಯ ದಿನ ಸುಣ್ಣದ ಗೆರೆಯೊಳಗೆ ನಿಂತು ನೋಡಿದೆವು. ಬಾಗಿಲಲ್ಲಿ ಶಾಂತಿ ಬಂದು ನಿಂತಳು, ಗದ್ದದವರೆಗೂ ಕೆಂಪು. ನಡುವೆ ಒಂದೇ ಒಂದು ಗುಲಾಬಿ. ಅಷ್ಟು ಹೊತ್ತು ನನ್ನ ದಾರಕ್ಕಾಗಿ ಉರಿಯುತ್ತಿದ್ದವಳು ಆಗ ಅದಕ್ಕಾಗಿ ಉರಿದೆ. ನನ್ನ ಅವ್ವನ ಸೆರಗು ಅವಳ ಕೊರಳಲ್ಲಿ! ಪ್ರಸಾದವೆಂದು ಸಕ್ಕರೆಯ ಪೊಟ್ಟಣವನ್ನು ಮೇಲಿನಿಂದ ಅಂಗೈಗೆ ಹಾಕಿದರು. ತಿಂದೆನೋ ಇಲ್ಲವೋ ನೆನಪಿಲ್ಲ.

ಶಾಂತಿ ಈಗ ಮಸ್ಕಿಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಲಿಂಗಸುಗೂರಿನ ಹಾಸ್ಟೆಲಿನಿಂದ ಊರಿಗೆ ಬರುವಾಗ ಒಮ್ಮೆ ಇಳಿದು ಕೇಳಿದೆ. "ಗುಲಾಬಿ? ಎಲ್ಲಾ ಕೆಂಪೇ ಇದ್ವು ಬೇ. ಕುತಿಗಿ ಕಡದು ಕಡದು ಅಳು ಬಂದಿತ್ತು ನನಗ," ಎಂದು ನಕ್ಕಳು. ಬಣ್ಣ ಬಲ್ಲವಳ ಮಾತು. ಆದರೆ ಅವ್ವನ ಹಳೆಯ ಗುಲಾಬಿ ಸೀರೆಯ ಸೆರಗಿಗೆ ಕೈಹೊಲಿಗೆಯ ಮಡಿಕೆ ಇದೆ. ನಾನು ಬೆರಳಿಟ್ಟು ನೋಡಿದ್ದೇನೆ.

ಎರಡನೆಯ ಅಲೆಯಲ್ಲಿ ಹುಸೇನಜ್ಜ ಹೋದ. ಅವನ ಮಣ್ಣಿಗೂ ಮನೆಯ ಐದೇ ಮಂದಿ. ಊರಿನವರೆಲ್ಲ ಒಳ್ಳೆಯದಾಗಲೆಂದು ಅವನಿಂದ ನವಿಲುಗರಿಯ ಏಟು ತಿಂದವರು, ಯಾರೂ ಹಿಡಿಮಣ್ಣು ಹಾಕಲಿಲ್ಲ. ಈಗ ಮತ್ತೆ ಕುಣಿ ತೋಡುತ್ತಾರೆ, ಹಲಗೆ ಬಾರಿಸುತ್ತಾರೆ, ಹುಡುಗರೆಲ್ಲ ಅವರವರ ಲಾಡಿಯನ್ನು ಅವರವರೇ ಹಾಕಿಕೊಳ್ಳುತ್ತಾರೆ. ಅವರನ್ನು ಕಂಡರೂ ನನಗೆ ಹೊಟ್ಟೆಕಿಚ್ಚು. ನನ್ನ ಮೂರನೆಯ ವರ್ಷ ತೀರಿತು ಎಂದು ಅಜ್ಜಿ ಹೇಳುತ್ತಾಳೆ. ಅದನ್ನು ತೀರಿಸಿದವಳು ಬೇರೆಯವಳು.

ಆ ದಾರ ನನ್ನ ಕಂಪಾಸ್ ಬಾಕ್ಸಿನಲ್ಲಿದೆ. ಒಮ್ಮೆ ಅಜ್ಜಿ ಮಾತಿಗೆ ಅಂದಳು: "ನಮ್ಮ ಲಾಡಿನ ಅರಿಷಿಣದ ನೀರಾಗ ಅದ್ದಿ ಕೊಟ್ಟಿದ್ದೆ." ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅರಿಷಿಣದ ಕಲೆ ಇಲ್ಲ. ಬಿಸಿಲಿಗೆ ಹೋಗಿರಬಹುದು. ಇಲ್ಲವೆ ಬೇರೆ ಯಾವುದೋ ಕೂಸಿನ ಜ್ವರಕ್ಕೆ ಯಾರೋ ಹೊತ್ತ ಹರಕೆ ನನ್ನ ಬಳಿ ಉಳಿದಿರಬಹುದು. ನಾನು ತೆಗೆದದ್ದು ಅವ್ವನಿಗೆ ಗೊತ್ತೇ? ಕೇಳಿಲ್ಲ. ಅವಳೂ ಕೇಳಿಲ್ಲ. ಇದು ಯಾರ ಮನೆಯದೆಂದು ನನಗೆ ಗೊತ್ತಿಲ್ಲ.